ತೊಳೆದ ಕೈ

ಸ್ಪಾರ್ಕ್ ಪ್ಲಗ್ ಉಜ್ಜುವ ತಂತಿ ಬ್ರಷ್ಷಿಗೆ ಮಗಳು ಕೊಟ್ಟ ಸೋಪು ಹಚ್ಚಿಕೊಂಡು ಮೆಕ್ಯಾನಿಕ್ ತನ್ನ ಅಂಗೈಯನ್ನೇ ಉಜ್ಜುತ್ತಿದ್ದ. ಕ್ರಿಮಿಗಳ ವಂಶವನ್ನೇ ನಿರ್ನಾಮ ಮಾಡುತ್ತೇನೆಂದು ಸೋಪಿನ ಕಾಗದ ಕೊಚ್ಚಿಕೊಳ್ಳುತ್ತಿತ್ತು. ಅವು ಸತ್ತವೋ ಬಿಟ್ಟವೋ, ಬೆರಳ ಗೆರೆಗಳಲ್ಲಿ ಕೂತಿದ್ದ ಎಂಜಿನ್ ಎಣ್ಣೆಯ ಕಪ್ಪು ಮಾತ್ರ ಹಳೇ ಬಾಡಿಗೆದಾರನಂತೆ ಜಪ್ಪಯ್ಯ ಎಂದರೂ ಏಳಲಿಲ್ಲ. ಬದಲಿಗೆ ರಕ್ತ ಜಿನುಗಿತು.

ಮಗಳು ಹತ್ತು ತಿಂಗಳ ಕೂಸಿನೊಂದಿಗೆ ತವರಿಗೆ ಬಂದು ವಾರವಾಗಿತ್ತು. ಮೊಮ್ಮಗಳನ್ನು ಆತ ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

“ನೋಡು, ಈಗಲಾದ್ರೂ ಕೊಡ್ತೀಯಾ?” ಎಂದು ಕೈ ಚಾಚಿದ.

“ಅಯ್ಯೋ ಅಪ್ಪ, ಇದೇನು ಕೈಯೋ, ಒಣಗಿದ ಕೆರೆಯೋ? ಈ ಬಿರುಕಲ್ಲಿ ಕ್ರಿಮಿ ಸಂಸಾರ ಹೂಡುತ್ತೆ. ಮಾಯೋವರೆಗೂ ಮುಟ್ಬೇಡ.”

“ಮೊದ್ಲು ತೊಳೆದಿದ್ದು ಸಾಲ್ದು ಅಂದೆ. ಈಗ ಹೆಚ್ಚಾಯ್ತು ಅಂತೀಯ. ದೇವರು ಕೊಟ್ರೂ ಪೂಜಾರಿ ಬಿಡ ಅನ್ನೋದು ಇದಕ್ಕೇ! ಮಗೂನ ನೋಡಿದ ಡಾಕ್ಟರಮ್ಮನೇ ಹೇಳಿದ್ರಲ್ಲ, ಮನೆಗೆ ಸಾದಾ ಸೋಪೇ ಸಾಕು, ಈ ಕ್ರಿಮಿ ಕೊಲ್ಲೋ ಸೋಪಿಂದ ಲಾಭಕ್ಕಿಂತ ಕಾಟ ಜಾಸ್ತಿ ಅಂತ?”

“ಮೂಗಿಗೆ ನಳಿಗೆ ಹಾಕ್ಕೊಂಡು ಮಲಗಿದ್ದು ಡಾಕ್ಟರಮ್ಮನ ಮಗು ಅಲ್ಲ.”

ಚಾಚಿದ್ದ ಕೈಯನ್ನು ಆತ ಹಿಂದಕ್ಕೆಳೆದುಕೊಂಡ. ಹುಟ್ಟಿದ ತಿಂಗಳಿಗೇ ಸೋಂಕು ತಗುಲಿ ಆಸ್ಪತ್ರೆ ಸೇರಿದ್ದ ಮಗುವನ್ನು ಗಾಜಿನ ಆಚೆಯಿಂದ ನೋಡಿ ಬಂದವನು ಆತ. ಈಗ ನಡುವೆ ಗಾಜಿರಲಿಲ್ಲ, ದೂರ ಮಾತ್ರ ಅಷ್ಟೇ ಇತ್ತು. ಆ ಕೆನ್ನೆ ಬೆಚ್ಚಗಿರುತ್ತದೋ ತಣ್ಣಗಿರುತ್ತದೋ ಎಂಬುದೂ ಆತನಿಗೆ ಗೊತ್ತಿರಲಿಲ್ಲ. ಯಾರೂ ಇಲ್ಲದಾಗ ಕೂಸಿನ ಪುಟ್ಟ ಅಂಗಿಯೊಂದನ್ನು ಎತ್ತಿ ಮೂಸಿ ನೋಡಿದ್ದ. ಅದಕ್ಕೂ ಸೋಪಿನದೇ ವಾಸನೆ.

ಮಗಳು ತನ್ನ ಕೈ ತೊಳೆಯಲು ಬಚ್ಚಲಿಗೆ ಹೋದಳು. ಚಾಪೆಯ ಮೇಲಿದ್ದ ಮಗು ಅಂಬೆಗಾಲಿಕ್ಕುತ್ತ ಬಂದು, ತಾತನ ಪ್ಯಾಂಟು ಹಿಡಿದು ಎದ್ದು ನಿಂತಿತು. ಮೆಕ್ಯಾನಿಕ್ ಸಿಕ್ಕಿಬಿದ್ದ ಕಳ್ಳನಂತೆ ಎರಡೂ ಕೈ ಮೇಲೆತ್ತಿದ.

“ನಾ ಮುಟ್ಟಿಲ್ಲ ಕಣೇ! ಇವಳೇ ಮುಟ್ಟಿದ್ದು!”

ಮಗಳು ಓಡಿಬಂದಳು. ಟವೆಲಿನಲ್ಲೂ ಕ್ರಿಮಿ ಇರುತ್ತದೆಂದು ಒರೆಸಿಕೊಳ್ಳದೆ, ನೀರು ತೊಟ್ಟಿಕ್ಕುವ ಕೈಗಳನ್ನು ಅವಳೂ ಮೇಲಕ್ಕೇ ಹಿಡಿದಿದ್ದಳು. ಅವಳ ಬೆರಳ ಸಂದುಗಳು ಅಪ್ಪನವಕ್ಕಿಂತ ಕೆಂಪಗಿದ್ದವು.

ಅಮ್ಮನನ್ನು ಕಂಡು ಮಗು ಪ್ಯಾಂಟು ಬಿಟ್ಟಿತು. ಹುಟ್ಟಿದಾಗಿನಿಂದ ಮೊದಲ ಸಲ, ಯಾರ ಆಸರೆಯೂ ಇಲ್ಲದೆ, ಓಲಾಡುತ್ತ ನಿಂತಿತು. ಅಮ್ಮನನ್ನು ನೋಡಿತು, ತಾತನನ್ನು ನೋಡಿತು. ಆಮೇಲೆ, ಎತ್ತಿಕೊಳ್ಳಿ ಎಂದು, ತಾನೂ ಎರಡು ಕೈ ಮೇಲೆತ್ತಿತು.