ಮುಖ ಮಾತ್ರ ಸಾಕು

“ನೀನು ಸ್ವಲ್ಪ ಆಚೆ ನಿಂತ್ಕೊ,” ಎಂದು ಗಂಡ ಹೇಳಿದಾಗ ಅವಳಿಗೆ ನಗು ಬಂತು. ಮದುವೆಯಾದಾಗಿನಿಂದ ಯಾವ ಫೋಟೋದಲ್ಲೂ ಅವಳ ಹೆಗಲು ಬಿಟ್ಟವನಲ್ಲ. ಬೆಳಿಗ್ಗೆ ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ಒಬ್ಬನೇ ಹೋಗಿದ್ದ. ಹೊರಗೆ ಬಂದವನೇ, “ಏನೂ ಇಲ್ಲವಂತೆ ಕಣೇ, ಬಾ, ಅರಮನೆ ನೋಡೋಣ,” ಎಂದು ಕರೆತಂದಿದ್ದ.

“ಅರಮನೆ ಬೇಡಪ್ಪ, ಮುಖ ಮಾತ್ರ ಸಾಕು. ದೊಡ್ಡದು ಮಾಡಿಸಿದರೆ ಮಸುಕಾಗಬಾರದು,” ಎಂದ ಅರಮನೆಯೆದುರಿನ ಫೋಟೋದವನಿಗೆ, ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತ.

“ಇಲ್ಲಿ ನಿಂತು ಅರಮನೆ ಬೇಡ ಅಂದ ಮಹಾರಾಜರು ನೀವೊಬ್ಬರೇ ಯಜಮಾನ್ರೇ!” ಎಂದು ಫೋಟೋದವನು ನಕ್ಕ.

ಅವಳೂ ನಕ್ಕಳು. ನಗುತ್ತಿದ್ದಂತೆ ಮನೆಯ ಗೋಡೆಯ ಮೇಲಿನ ಮಾವನ ಫೋಟೋ ನೆನಪಾಯಿತು. ಮಾವ ತೀರಿಕೊಂಡಾಗ ಅವರೊಬ್ಬರದೇ ಫೋಟೋ ಒಂದೂ ಸಿಗದೆ, ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರು. ಹೆಗಲ ಮೇಲೆ ಇನ್ಯಾರದೋ ಕೈ ಹಾಗೇ ಉಳಿದಿತ್ತು. “ನನ್ನದು ಹೀಗಾಗಬಾರದು ಕಣೇ,” ಎಂದು ಗಂಡ ಅದೆಷ್ಟು ಸಲ ಅಂದಿದ್ದನೋ.

ಅವಳ ನಗು ಬಾಯಲ್ಲೇ ಆರಿತು. ಇಳಿಬಿಸಿಲಿನಲ್ಲಿ ಅವನು ಅವಳತ್ತ ನೋಡದೆ, ಕ್ಯಾಮೆರಾವನ್ನೇ ನೋಡುತ್ತ ನೆಟ್ಟಗೆ ನಿಂತಿದ್ದ.

“ಅಮ್ಮಾ, ನಿಮ್ಮ ನೆರಳು ಅವರ ಮೇಲೆ ಬೀಳ್ತಾ ಇದೆ,” ಎಂದ ಫೋಟೋದವನು. “ಇನ್ನೊಂದು ಹೆಜ್ಜೆ ಆಚೆ ಹೋಗಿ.”

ಆ ಒಂದು ಹೆಜ್ಜೆ ಎತ್ತಿಡಲು ಅವಳಿಂದ ಆಗಲಿಲ್ಲ.