ಹೆಚ್ಚುವರಿ ಆರು ಗಂಟೆ

ಜನವರಿ ಹದಿನೇಳಕ್ಕೆ ಮುಗಿದ ವಾರದಲ್ಲಿ ಆ ಹುಡುಗ ಬೇಕರಿಯಲ್ಲಿ ದುಡಿದದ್ದು ಇಪ್ಪತ್ತಾರು ಗಂಟೆ. ಆ ದೇಶದ ಕಾನೂನು ವಿದೇಶಿ ವಿದ್ಯಾರ್ಥಿಗೆ ಕೊಟ್ಟದ್ದು ಇಪ್ಪತ್ತೇ. ವೀಸಾ ರದ್ದತಿಯ ನೋಟಿಸು ಹಿಡಿದು ಅವನು ವಿಶ್ವವಿದ್ಯಾಲಯದ ಉಚಿತ ಕಾನೂನು ಸಲಹಾ ಕೇಂದ್ರಕ್ಕೆ ಬಂದ. ಸಲಹೆಗೆ ಕುಳಿತಿದ್ದವಳು ಕೊನೆಯ ವರ್ಷದ ವಿದ್ಯಾರ್ಥಿನಿ ಇಂದುಮತಿ. ಅವನ ಹೆಸರು ಕೇಳಿ ಕನ್ನಡದಲ್ಲೇ ಮಾತಾಡಿಸಿದಳು.

“ಅಕ್ಕಾರ, ನಾನೂ ಲಾ ಓದಾಕ ಬಂದೀನ್ರಿ. ವಾಪಸ್ ಕಳಿಸಿದ್ರ ನನ್ನ ಓದು ಮುಗೀತು.”

“ಕಾನೂನು ಓದೋನೇ ಕಾನೂನು ಮುರಿದರೆ ಹೇಗಪ್ಪಾ? ದುಡ್ಡಿನ ಆಸೆಯಾ?”

“ಅಲ್ರಿ. ಬೆಳಗಿನ ಪಾಳಿಯಾಕಿ ಪರೀಕ್ಷೆ ಐತಿ ಅಂತ ಫೋನ್ ಮಾಡಿದ್ಲಂತ. ‘ನಿಮ್ಮ ದೇಶದ ಹುಡುಗಿ, ಅವಳ ಬದಲು ನಿಲ್ಲು’ ಅಂದ್ರು ಮ್ಯಾನೇಜರ್. ನಿಂತೆ. ಆರು ತಾಸು ದುಡಿದು ಋಣ ತೀರಿಸ್ತೀನಿ ಅಂದಿದ್ಲಂತ. ಬಂದೇ ಇಲ್ರಿ.”

“ಅವಳು ಸಾಕ್ಷಿ ಹೇಳಿದರೆ ಮೇಲ್ಮನವಿ ಹಾಕಬಹುದು. ಇಲ್ಲದಿದ್ದರೆ ಕಷ್ಟ. ಹೆಸರೇನು?”

“ನಾ ಸಂಜಿ ಪಾಳಿಯಾಂವ. ಆಕಿ ಮುಖಾನೂ ನೋಡಿಲ್ರಿ.”

ಇಂದುಮತಿ ನೋಟಿಸು ಬಿಡಿಸಿ, ಬೇಕರಿಯ ಹೆಸರನ್ನು ಎರಡು ಬಾರಿ ಓದಿದಳು. ಆಮೇಲೆ ಮೇಲ್ಮನವಿಯ ನಮೂನೆ ಎಳೆದುಕೊಂಡು, ಸಾಕ್ಷಿಯ ಜಾಗದಲ್ಲಿ ತನ್ನ ಹೆಸರನ್ನೇ ಬರೆದಳು.