ಹಾಲುಮಡ್ಡಿ ಹಚ್ಚಿದ ಹಳದಿ ವೈರು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹೋಂ ಥಿಯೇಟರಿನ ಕೇಬಲ್ಲನ್ನು ಈಗಲೂ ನಾನೇ ಮಾಡಿಕೊಳ್ಳುತ್ತೇನೆ, ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ಮಾಸ್ತಿಕಟ್ಟೆಯ ನಮ್ಮ ಹಳೆ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಸಾಕ್ಷರತಾ ತರಗತಿಯ ಸಮಾರಂಭದಲ್ಲಿ ಅವ್ವ ವೇದಿಕೆ ಹತ್ತಿ ಒಂದು ಪುಟ ಓದಿದ್ದಳು. ಕೆಲಸವಿದ್ದ ಅಪ್ಪ ಹೋಗಿರಲಿಲ್ಲ. ಅದರ ವಿಡಿಯೊ ಸೀಡಿಯನ್ನು ಟೀಚರು ಒಂದೇ ದಿನಕ್ಕೆ ಕೊಟ್ಟಿದ್ದರು. ಹಾಕಿದರೆ ದನಿ ಬಂತು, ಚಿತ್ರ ಬರಲಿಲ್ಲ. ಟಿವಿಗೆ ಚಿತ್ರ ಒಯ್ಯುವ ಹಳದಿ ವೈರನ್ನು ಇಲಿ ಕಡಿದಿತ್ತು.

"ಬರೀ ದನಿ ಕೇಳಿದ್ರೆ ಬಾಯಿಪಾಠ ಅಂತೀರಿ. ನಾನು ಕಾಗದ ನೋಡಿ ಓದಿದ್ದು ಕಾಣ್ಬೇಕು" ಎಂದಳು ಅವ್ವ.

ಅಪ್ಪನಿಗೆ ಓದು ಬರುತ್ತಿರಲಿಲ್ಲ, ಆದರೆ ರೇಡಿಯೊ ರಿಪೇರಿ ಅಂಗಡಿಯಲ್ಲಿ ಕೈ ಪಳಗಿತ್ತು. ಹಳೆಯ ಆಂಟೆನಾ ವೈರು ಕತ್ತರಿಸಿ, ಎರಡೂ ತುದಿಗೆ ಹಳದಿ ವೈರಿನ ಪಿನ್ನು ಬೆಸೆಯಲು ಕೂತ. ಬೆಸುಗೆ ಕಚ್ಚಿಕೊಳ್ಳಲೆಂದು ಹಚ್ಚುವ ರಾಳ ಮುಗಿದಿತ್ತು. ಕರಗಿದ ಸೀಸ ಮಣಿಯಾಗಿ ಉರುಳಿ ಹೋಗುತ್ತಿತ್ತು. ಅವ್ವ ದೇವರ ಗೂಡಿನಿಂದ ಹಾಲುಮಡ್ಡಿಯ ಉಂಡೆ ತಂದಳು. "ಇದೂ ಮರದ ಅಂಟೇ ಅಲ್ವಾ?"

"ಮಾರಾಯ್ತಿ, ಅದು ದೇವರ ಧೂಪ!"

"ದೇವ್ರೂ ನಾನು ಓದಿದ್ದು ನೋಡಿಲ್ಲ. ಹಚ್ಚಿ."

ಚುಂಯ್ ಎಂದಿತು. ಮನೆಯೆಲ್ಲ ಪೂಜೆಯ ಘಮ. ಬೆಸುಗೆ ಹಿಡಿಯಿತು. ವೈರು ಚುಚ್ಚಿದ ಕೂಡಲೇ ಟಿವಿಯಲ್ಲಿ ಅವ್ವ ಮೂಡಿದಳು. ಕಾಗದದ ಮೇಲೆ ಬೆರಳು ಸರಿಸುತ್ತ, ತಲೆ ಎತ್ತದೆ ಓದುತ್ತಿದ್ದಳು. ನಾನು ಕುಣಿದಾಡಿಬಿಟ್ಟೆ.

"ಒಂದಕ್ಷರ ತಪ್ಪಿಲ್ಲ" ಎಂದ ಅಪ್ಪ.

"ನಿಮಗೆ ಹೆಂಗೆ ಗೊತ್ತು?" ಅವ್ವ ನಕ್ಕಳು.

"ಬೆರಳು ಎಲ್ಲೂ ನಿಲ್ಲಲಿಲ್ಲ ಮಾರಾಯ್ತಿ. ಇನ್ನೊಂದ್ಸಲ ಹಾಕು."